ಬಿ.ಎ.ಗೆ ತತ್ವಶಾಸ್ತ್ರ: ಮನೆಯ ಎರಡು ಪ್ರಶ್ನೆಗಳಿಗೆ ಉತ್ತರ ಉಂಟಾ?

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ಕೇಳಿಬರುವ ಹೆಸರುಗಳು ಹೆಚ್ಚೇನಿಲ್ಲ. ನೀಟ್, ಸಿಇಟಿ, ಸಿಎ, ನರ್ಸಿಂಗ್. ಅದೂ ಅಲ್ಲದಿದ್ದರೆ ಬಿ.ಕಾಂ. ಮುಗಿಸಿ ದುಬೈಯಲ್ಲೋ ಜುಬೈಲ್‌ನಲ್ಲೋ ಇರುವ ಮಾವನ ಕಂಪೆನಿ. ಇದರ ಮಧ್ಯೆ ಒಬ್ಬ ಹುಡುಗನೋ ಹುಡುಗಿಯೋ "ನಾನು ಫಿಲಾಸಫಿ ಓದ್ತೇನೆ" ಎಂದರೆ ಮನೆಯಲ್ಲಿ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ. ಆಮೇಲೆ ಎರಡು ಪ್ರಶ್ನೆ ಬರುತ್ತವೆ. ಬಾಪನದ್ದು: "ಅದನ್ನು ಓದಿ ಏನು ಕೆಲಸ ಸಿಗ್ತದೆ?" ಉಮ್ಮನದ್ದು, ತಗ್ಗಿದ ದನಿಯಲ್ಲಿ: "ಈಮಾನಿಗೆ ಏನಾದರೂ ಆದರೆ?"

ಎರಡೂ ನ್ಯಾಯದ ಪ್ರಶ್ನೆಗಳೇ. ಗಲ್ಫ್‌ನಲ್ಲಿ ದುಡಿದು ಕಳಿಸಿದ ಹಣದಿಂದ ಫೀಸು ಕಟ್ಟುವ ಮನೆಯವರು ಇವನ್ನು ಕೇಳದಿದ್ದರೆ ಇನ್ನು ಯಾರು ಕೇಳಬೇಕು? ಉಮ್ಮನ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಅದು ದೊಡ್ಡದು.

ತತ್ವಶಾಸ್ತ್ರ ಹೊರಗಿನಿಂದ ಬಂದ ಸರಕು, ನಮಗೂ ಅದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ನಮ್ಮಲ್ಲಿದೆ. ಆದರೆ ಪಳ್ಳಿ ದರ್ಸ್‌ನಲ್ಲಿ ಕಲಿತ ಯಾವುದೇ ಹಿರಿಯ ಉಸ್ತಾದರನ್ನು 'ಮನ್ತಿಕ್' ಎಂದರೇನು ಎಂದು ಕೇಳಿ ನೋಡಿ. ಮನ್ತಿಕ್ ಎಂದರೆ ತರ್ಕಶಾಸ್ತ್ರ. ಅದರ ಆರಂಭದ ಕಿತಾಬುಗಳಲ್ಲಿ ಒಂದರ ಹೆಸರು 'ಈಸಾಗೂಜಿ'. ಈ ಹೆಸರು ಅರಬಿಯದ್ದಲ್ಲ, ಗ್ರೀಕ್‌ನದ್ದು. ಅರ್ಥ 'ಪ್ರವೇಶಿಕೆ'. ಅರಿಸ್ಟಾಟಲ್‌ನ ತರ್ಕಕ್ಕೆ ಪೋರ್ಫಿರಿ ಬರೆದ ಪ್ರವೇಶಿಕೆಯ ಹೆಸರನ್ನೇ ಅಸೀರುದ್ದೀನ್ ಅಲ್ ಅಬ್‌ಹರಿ 13ನೇ ಶತಮಾನದಲ್ಲಿ ತನ್ನ ಕಿತಾಬಿಗೂ ಇಟ್ಟುಕೊಂಡರು. ಅಂದರೆ ನಮ್ಮ ಮುತಅಲ್ಲಿಮರು ನಿಯ್ಯತ್ ಇಲ್ಲದೆಯೇ ಅರಿಸ್ಟಾಟಲ್‌ನ ಅಂಗಳಕ್ಕೆ ಹೋಗಿ ಬಂದವರು!

"ಆದರೆ ಇಮಾಂ ಗಝಾಲಿ (ರ) ತತ್ವಜ್ಞಾನಿಗಳನ್ನು ಖಂಡಿಸಿದ್ದಾರಲ್ಲ?" ಎಂದು ಕೇಳುವವರಿದ್ದಾರೆ. ಖಂಡಿಸಿದ್ದು ನಿಜ. ಹೇಗೆ ಖಂಡಿಸಿದರು ಎಂಬುದನ್ನೂ ನೋಡಬೇಕು. ಬಗ್ದಾದಿನಲ್ಲಿ ಮುನ್ನೂರು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಾ, ಬಿಡುವಿನ ಹೊತ್ತಿನಲ್ಲಿ ಎರಡು ವರ್ಷದೊಳಗೆ ತತ್ವಶಾಸ್ತ್ರವನ್ನು ತಾವೇ ಓದಿ ಮುಗಿಸಿದ್ದಾಗಿ ಅವರು 'ಅಲ್ ಮುನ್ಕಿದ್'ನಲ್ಲಿ ಹೇಳುತ್ತಾರೆ. ಎದುರಾಳಿಗಳ ವಾದವೇನೆಂದು ವಿವರಿಸುವ 'ಮಕಾಸಿದುಲ್ ಫಲಾಸಿಫ'ವನ್ನೂ ಬರೆದರು. ಅದು ಎಷ್ಟು ಪ್ರಾಮಾಣಿಕವಾಗಿತ್ತೆಂದರೆ, ಲ್ಯಾಟಿನ್ ಅನುವಾದದಲ್ಲಿ ಅದನ್ನು ಓದಿದ ಯುರೋಪಿನ ವಿದ್ವಾಂಸರು ಗಝಾಲಿಯವರನ್ನೂ ಆ ತತ್ವಜ್ಞಾನಿಗಳ ಗುಂಪಿಗೇ ಸೇರಿಸಿಬಿಟ್ಟರು. ನಮ್ಮದೇ ಶಾಫಿ ಮದ್‌ಹಬಿನ ಈ ಇಮಾಮರು ಉಸೂಲುಲ್ ಫಿಕ್‌ಹಿನ ಮೇಲೆ ಬರೆದ 'ಅಲ್ ಮುಸ್ತಸ್ಫಾ' ಶುರುವಾಗುವುದೇ ತರ್ಕಶಾಸ್ತ್ರದಿಂದ. ತರ್ಕ ತಿಳಿಯದವನ ಇಲ್ಮಿನ ಮೇಲೆ ಭರವಸೆ ಇಡಲಾಗದು ಎಂಬುದು ಅಲ್ಲಿ ಅವರ ನಿಲುವು. ಗ್ರಹಣದ ಗಣಿತದಂಥ ಸ್ಪಷ್ಟ ವಿಷಯಗಳನ್ನು ದೀನಿನ ಹೆಸರಲ್ಲಿ ಅಲ್ಲಗಳೆಯುವವರು ದೀನಿಗೇ ಹಾನಿ ಮಾಡುತ್ತಾರೆ ಎಂದೂ ಎಚ್ಚರಿಸಿದರು.

ಅವರಿಗೆ ಉತ್ತರವಾಗಿ 'ತಹಾಫುತ್ ಅತ್ತಹಾಫುತ್' ಬರೆದ ಇಬ್ನ್ ರುಶ್ದ್ (1126–1198) ಯಾರು? ಸೆವಿಲ್ಲೆ ಮತ್ತು ಕೊರ್ಡೊಬಾದ ಖಾಝಿ. ಜೊತೆಗೆ ವೈದ್ಯ. ಫಿಕ್‌ಹಿನಲ್ಲಿ ಅವರ 'ಬಿದಾಯತುಲ್ ಮುಜ್ತಹಿದ್' ಒಂದೊಂದು ಮಸ್‌ಅಲೆಯಲ್ಲೂ ಯಾವ ಇಮಾಮರ ಅಭಿಪ್ರಾಯ ಏನು, ಭಿನ್ನಾಭಿಪ್ರಾಯ ಹುಟ್ಟಿದ್ದು ಯಾಕೆ ಎಂದು ಬಿಡಿಸಿಡುತ್ತದೆ. ಜಗಳವಾಡುವ ಬದಲು ಜಗಳದ ಮೂಲ ಹುಡುಕುವ ಈ ಅಭ್ಯಾಸವನ್ನೇ ಇಂದಿನ ಬಿ.ಎ. ತರಗತಿಯೂ ಕಲಿಸಬೇಕಾಗಿರುವುದು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ನಮ್ಮ ನಮ್ಮಲ್ಲೇ ನಡೆಯುವ ವಾಗ್ವಾದಗಳನ್ನು ನೋಡುವಾಗ, ಊರಿಗೆ ಇಂಥ ನಾಲ್ಕು ಜನ ಬೇಕಿತ್ತು ಎಂದು ನಮಗಂತೂ ಅನಿಸಿದೆ.

ಆದರೂ ಉಮ್ಮನ ಹೆದರಿಕೆ ಸುಳ್ಳಲ್ಲ. ಹದಿನೆಂಟರ ವಯಸ್ಸಿನಲ್ಲಿ ಹ್ಯೂಮ್‌ನನ್ನೋ ನೀಷೆಯನ್ನೋ ಓದಿದ ಮಗುವಿಗೆ ಪ್ರಶ್ನೆಗಳು ಏಳುತ್ತವೆ, ಏಳಲೇಬೇಕು. ಅಂಥ ಪ್ರಶ್ನೆಗಳು ಈಗ ಮೊಬೈಲಿನಲ್ಲೇ ಬರುತ್ತಿವೆ, ಕಾಲೇಜಿಗೆ ಹೋಗದಿದ್ದವರಿಗೂ. ತರಗತಿಯಲ್ಲಾದರೆ ಅದಕ್ಕೆ ಬಂದ ಉತ್ತರಗಳನ್ನೂ ಜೊತೆಗೆ ಓದಿಸುತ್ತಾರೆ. ಕ್ಯಾಥೊಲಿಕರನ್ನು ನೋಡಿ, ಪಾದ್ರಿಯಾಗಲು ಹೊರಟವರಿಗೆ ದೇವಶಾಸ್ತ್ರಕ್ಕೆ ಮುಂಚೆ ತತ್ವಶಾಸ್ತ್ರದ ಓದು ಕಡ್ಡಾಯ. ಮನೆಯಲ್ಲಿ ಪ್ರಶ್ನೆ ಕೇಳಿದರೆ ಬೈಯದ ಒಬ್ಬರು, ಕಿತಾಬು ತಿಳಿದ ಒಬ್ಬ ಉಸ್ತಾದರು, ಇಷ್ಟು ಇದ್ದರೆ ಮಗು ಒಂಟಿಯಾಗುವುದಿಲ್ಲ.

ಇನ್ನು ಬಾಪನ ಪ್ರಶ್ನೆ. ಇಲ್ಲಿ ಸಕ್ಕರೆ ಸವರಿ ಹೇಳುವುದು ಬೇಡ. ಬರೇ ಬಿ.ಎ. ತತ್ವಶಾಸ್ತ್ರದ ಸರ್ಟಿಫಿಕೇಟ್ ನೋಡಿ ಕರೆದು ಕೆಲಸ ಕೊಡುವವರು ಇಲ್ಲ. ಇದು ಮೂರು ವರ್ಷದ ತಳಪಾಯ, ಅದರ ಮೇಲೆ ಇನ್ನೊಂದು ಕಟ್ಟಲೇಬೇಕು. ಮನೆಗೆ ಮೂರೇ ವರ್ಷದಲ್ಲಿ ಸಂಬಳ ಬೇಕೆಂಬ ಸ್ಥಿತಿ ಇದ್ದರೆ ಈ ದಾರಿ ಬೇಡ ಎಂದೇ ನಾವು ಹೇಳುತ್ತೇವೆ.

ಕಟ್ಟಬಹುದಾದದ್ದರಲ್ಲಿ ಮೊದಲನೆಯದು ಕಾನೂನು. ಯಾವ ಪದವಿಯ ಮೇಲೂ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು. ವಾದದಲ್ಲಿ ಎಲ್ಲಿ ತೂತು ಉಂಟು ಎಂದು ಹುಡುಕಲು ಕಲಿತವನಿಗೆ ಕೋರ್ಟು ಹೊಸ ಜಾಗವಲ್ಲ. ಅಲ್ಲಾಮಾ ಇಕ್ಬಾಲರ ದಾರಿಯೂ ಇದೇ. ಲಾಹೋರಿನ ಗವರ್ನಮೆಂಟ್ ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿದರು, 1899ರಲ್ಲಿ ಅದರಲ್ಲೇ ಎಂ.ಎ. ಮಾಡಿದರು. ಮುಂದೆ ಕೇಂಬ್ರಿಜ್, ಪರ್ಷಿಯಾದ ತತ್ವಚಿಂತನೆಯ ಬಗ್ಗೆ ಮ್ಯೂನಿಕ್‌ನಲ್ಲಿ ಡಾಕ್ಟರೇಟ್, 1908ರಲ್ಲಿ ಬ್ಯಾರಿಸ್ಟರ್. ಊರಿಗೆ ಬಂದ ಮೇಲೆ ಹೊಟ್ಟೆಪಾಡಿಗೆ ಹಿಡಿದದ್ದು ವಕೀಲಿಕೆಯನ್ನೇ.

ಎರಡನೆಯದು ಸಿವಿಲ್ ಸರ್ವಿಸ್. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ತತ್ವಶಾಸ್ತ್ರ ಒಂದು ಐಚ್ಛಿಕ ವಿಷಯ, ತಲಾ 250 ಅಂಕಗಳ ಎರಡು ಪತ್ರಿಕೆ. 2013ರಿಂದ ಎಲ್ಲರೂ ಬರೆಯಬೇಕಾದ ನೀತಿಶಾಸ್ತ್ರದ ಪತ್ರಿಕೆಗೆ ಇನ್ನೂ 250. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಈ ಐಚ್ಛಿಕ ತೆಗೆದುಕೊಳ್ಳಲು ಬಿ.ಎ.ಯಲ್ಲಿ ಅದನ್ನೇ ಓದಿರಬೇಕೆಂದಿಲ್ಲ, ಓದಿದವರಿಗೆ ಹೊರೆ ಕಡಿಮೆ ಅಷ್ಟೇ.

ಅಧ್ಯಾಪನದ ವಿಷಯದಲ್ಲಿ ಎಚ್ಚರ ಬೇಕು. ಹೈಸ್ಕೂಲಿನಲ್ಲಿ ತತ್ವಶಾಸ್ತ್ರ ಎಂಬ ಪಾಠವೇ ಇಲ್ಲ. ಬಿ.ಎಡ್. ಮಾಡಿ ಟೀಚರ್ ಆಗಬೇಕೆಂದಿರುವ ನಮ್ಮ ಹೆಣ್ಣುಮಕ್ಕಳು ಜೊತೆಗೆ ಇತಿಹಾಸವನ್ನೋ ಇಂಗ್ಲಿಷನ್ನೋ ಹಿಡಿದುಕೊಳ್ಳಲೇಬೇಕು. ಪಿಯುಸಿಯಲ್ಲಿ ತರ್ಕಶಾಸ್ತ್ರ ಇದೆ, ಆದರೆ ಎಲ್ಲಾ ಕಾಲೇಜಿನಲ್ಲೂ ಇಲ್ಲ. ಡಿಗ್ರಿ ಕಾಲೇಜಿಗೆ ಎಂ.ಎ. ಮತ್ತು ನೆಟ್ ಅಥವಾ ಕೆ-ಸೆಟ್ ಬೇಕು. ಜೆಆರ್‌ಎಫ್ ಸಿಕ್ಕಿದರೆ ಸಂಶೋಧನೆಯ ವರ್ಷಗಳಿಗೆ ಮನೆಯ ಹಣ ಕೇಳಬೇಕಾಗಿಲ್ಲ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಬಾಗಿಲು ನಮ್ಮ ದೇರಳಕಟ್ಟೆಯ ಆಸ್ಪತ್ರೆಗಳ ಪಕ್ಕದಲ್ಲೇ ಇದೆ. ಮನುಷ್ಯರ ಮೇಲೆ ಸಂಶೋಧನೆ ಮಾಡುವ ಸಂಸ್ಥೆಗಳು ಎಥಿಕ್ಸ್ ಕಮಿಟಿಯ ಅನುಮತಿ ಪಡೆಯಬೇಕು. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಆ ಕಮಿಟಿಯಲ್ಲಿ ವೈದ್ಯರು ಮಾತ್ರ ಇದ್ದರೆ ಸಾಲದು. ಸಮಾಜವಿಜ್ಞಾನಿ, ತತ್ವಶಾಸ್ತ್ರಜ್ಞ, ನೀತಿಶಾಸ್ತ್ರಜ್ಞ, ಧರ್ಮಶಾಸ್ತ್ರಜ್ಞ ಎಂಬ ವಿಭಾಗದಿಂದಲೂ ಸದಸ್ಯರಿರಬೇಕು. ಇದು ಸಂಬಳದ ಕೆಲಸವಲ್ಲ, ನಿಜ. ಆದರೆ ವೆಂಟಿಲೇಟರ್ ತೆಗೆಯುವುದು, ಅಂಗದಾನ ಇಂಥ ವಿಷಯಗಳಲ್ಲಿ ಫಿಕ್‌ಹ್ ಮತ್ತು ವೈದ್ಯಕೀಯ ನೀತಿ ಎರಡನ್ನೂ ತಿಳಿದು ಮನೆಯವರ ಜೊತೆ ಮಾತಾಡಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಎಲ್ಲಿ ಓದುವುದು? ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಈ ವಿಷಯ ಅಪರೂಪ. ಮಣಿಪಾಲದಲ್ಲಿ, ಭೌತಶಾಸ್ತ್ರ ಓದಿ ತತ್ವಶಾಸ್ತ್ರಕ್ಕೆ ಬಂದ ಸುಂದರ್ ಸರುಕ್ಕೈ ಕಟ್ಟಿದ ಕೇಂದ್ರದಿಂದಾಗಿ ಕರಾವಳಿಯಲ್ಲೂ ಇದರ ಮಾತು ಕೇಳುವಂತಾಯಿತು. ಮೈಸೂರಿಗೆ ಹಿರಿಯಣ್ಣ, ರಾಧಾಕೃಷ್ಣನ್ ಪಾಠ ಹೇಳಿದ ಪರಂಪರೆ ಇದೆ, ವಿಶ್ವವಿದ್ಯಾನಿಲಯದಲ್ಲಿ ವಿಭಾಗವೂ ಇದೆ, ಧಾರವಾಡದಲ್ಲೂ ಇದೆ. ರೈಲು ಹತ್ತಿದರೆ ತಲಶ್ಶೇರಿಯ ಬ್ರೆಣ್ಣನ್ ಕಾಲೇಜು ದೂರವಲ್ಲ. ದೂರ ಕಳಿಸುವ ಧೈರ್ಯ ಇದ್ದವರಿಗೆ ಅಲಿಗಢ, ದಿಲ್ಲಿ ವಿಶ್ವವಿದ್ಯಾನಿಲಯದ ಕಾಲೇಜುಗಳು. ಮನೆಯಲ್ಲಿದ್ದು ಓದುವವರಿಗೆ ಇಗ್ನೊ. ಮದುವೆಯಾಗಿ ಓದು ನಿಂತ ಪದವೀಧರೆಯರು ಅಲ್ಲಿ ಎಂ.ಎ. ಫಿಲಾಸಫಿಗೆ ಸೇರಬಹುದು, ಪದವಿ ಯಾವ ವಿಷಯದ್ದಾದರೂ ಆದೀತು. ಒಂದು ಮಾತು ಮುಂಚೆಯೇ ತಿಳಿದಿರಲಿ: ಎಲ್ಲಿ ಸೇರಿದರೂ ಗ್ರೀಕರು, ಯುರೋಪಿನವರು, ನ್ಯಾಯ, ವೇದಾಂತ ಇವೇ ಹೆಚ್ಚು. ಇಬ್ನ್ ಸೀನಾ, ಗಝಾಲಿ ಸಿಗುವುದು ಕಡಿಮೆ, ಅವರನ್ನು ತಾವಾಗಿ ಹುಡುಕಿ ಓದಬೇಕು.

ಫೀಸು ಕಟ್ಟುವ ಮೊದಲು ಕಾಲೇಜಿನ ಸಿಲೆಬಸ್ ತರಿಸಿ ನೋಡಿ. ಮಗು ಕಷ್ಟದ ಪುಸ್ತಕವೊಂದನ್ನು ರಜೆಯಲ್ಲಿ ಕೊನೆಯವರೆಗೆ ಓದುತ್ತದಾ ನೋಡಿ. 'ಅಲ್ ಮುನ್ಕಿದ್'ನ ಇಂಗ್ಲಿಷ್ ಅನುವಾದ ಚಿಕ್ಕದು, ಸುಲಭವಾಗಿ ಸಿಗುತ್ತದೆ. ದಿಲ್ಲಿಗೆ ಹೋಗಲು ಸಿಯುಇಟಿ ಬರೆಯಬೇಕು. ಅದರ ಅರ್ಜಿ ಸಾಮಾನ್ಯವಾಗಿ ನಮ್ಮ ಪಿಯುಸಿ ಫಲಿತಾಂಶಕ್ಕೆ ಮುಂಚೆಯೇ ಮುಗಿದಿರುತ್ತದೆ. ಹಾಗಾಗಿ ಈ ಮಾತು ಮನೆಯಲ್ಲಿ ಏಪ್ರಿಲಿನಲ್ಲಿ ಅಲ್ಲ, ಡಿಸೆಂಬರಿನಲ್ಲೇ ಆಗಬೇಕು.