ಪಕ್ಷಾಂತರ ಮಾಡಿದರೆ ಚಿಹ್ನೆ ಏಕೆ ಬದಲಾಗುತ್ತದೆ?

3ಯಾ + 5 = 20. ಇಲ್ಲಿ ‘ಯಾ’ದ ಬೆಲೆ ಎಷ್ಟು? ‘5 ಆ ಕಡೆ ಹೋದರೆ –5’ ಎಂದು ವಿದ್ಯಾರ್ಥಿಗಳು ಥಟ್ಟನೆ 3ಯಾ = 15 ಎಂದು ಬರೆಯುತ್ತಾರೆ. ಸರಿ. ಆದರೆ ಕೆಲವರು ಅದೇ ಭರದಲ್ಲಿ ‘3 ಆ ಕಡೆ ಹೋದರೆ –3’ ಎಂದು 15ನ್ನು –3ರಿಂದ ಭಾಗಿಸಿ, ಯಾ = –5 ಎನ್ನುತ್ತಾರೆ! ಕಾಲೇಜು ತರಗತಿಗಳಲ್ಲೂ ನಾನು ಈ ತಪ್ಪನ್ನು ಕಂಡಿದ್ದೇನೆ. ಕಾರಣ ತಿಳಿಯದೆ ಕಂಠಪಾಠ ಮಾಡಿದ ನಿಯಮದ ಫಲವಿದು.

‘ಯಾ’ ನಮ್ಮಲ್ಲಿ ಹಳೆಯ ಸಂಕೇತ. ಭಾಸ್ಕರಾಚಾರ್ಯರು (ಜನನ 1114) ‘ಬೀಜಗಣಿತ’ದಲ್ಲಿ ಅವ್ಯಕ್ತ ರಾಶಿಯನ್ನು ‘ಯಾವತ್ತಾವತ್’ ಎಂದು ಕರೆದು, ‘ಯಾ’ ಎಂದು ಸಂಕ್ಷೇಪಿಸುತ್ತಾರೆ. ಸಮೀಕರಣದ ಎರಡು ಬದಿಗಳು ಎರಡು ‘ಪಕ್ಷ’ಗಳು. ಎರಡೂ ಪಕ್ಷಗಳಿಂದ ಸಮನಾದುದನ್ನು ಕಳೆಯುವುದು ‘ಸಮಶೋಧನ’. ಈ ಹೆಸರಿನಲ್ಲೇ ನಮ್ಮ ಪ್ರಶ್ನೆಗೆ ಉತ್ತರವಿದೆ.

ಸಮೀಕರಣವನ್ನು ಸಮತೋಲದಲ್ಲಿರುವ ತಕ್ಕಡಿಯೆಂದು ಭಾವಿಸಿ. ಒಂದು ತಟ್ಟೆಯಿಂದ 5 ತೆಗೆದರೆ ಇನ್ನೊಂದರಿಂದಲೂ 5 ತೆಗೆಯಬೇಕು:

3ಯಾ + 5 – 5 = 20 – 5

ಎಡಗಡೆಯ 5 ಅಳಿಯಿತು. ಬಲಗಡೆ –5 ಕಾಣಿಸಿತು. ವಾಸ್ತವವಾಗಿ ಯಾವುದೂ ಎಲ್ಲಿಗೂ ‘ಹೋಗಲಿಲ್ಲ’. ಇನ್ನು 3 ‘ಯಾ’ವನ್ನು ಗುಣಿಸುತ್ತಿದೆ. ಅದನ್ನು ಬಿಡಿಸಲು ಎರಡೂ ಪಕ್ಷಗಳನ್ನು 3ರಿಂದ ಭಾಗಿಸಬೇಕು. ಆಗ ಯಾ = 5. ಚಿಹ್ನೆ ಬದಲಾಗಲು ಇಲ್ಲಿ ಕಾರಣವೇ ಇಲ್ಲ.

ಈಗ ಭೌತಶಾಸ್ತ್ರಕ್ಕೆ ಬನ್ನಿ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿರುವ ಕಾರು, ಪ್ರತಿ ಸೆಕೆಂಡಿಗೆ 3 ಮೀ./ಸೆ.ನಂತೆ ವೇಗ ಹೆಚ್ಚಿಸಿಕೊಂಡು 20 ಮೀ./ಸೆ. ತಲಪಲು ಎಷ್ಟು ಕಾಲ ಬೇಕು?

ಅಂತಿಮ ವೇಗ = ಆರಂಭಿಕ ವೇಗ + ವೇಗೋತ್ಕರ್ಷ × ಕಾಲ

ಬೆಲೆಗಳನ್ನು ಹಾಕಿದರೆ ಮೇಲಿನದೇ ಸಮೀಕರಣ! ಉತ್ತರ 5 ಸೆಕೆಂಡು. –5 ಸೆಕೆಂಡು ಎಂದು ಬರೆದವರು, ಕಾರು ಹೊರಡುವ ಮೊದಲೇ ಗುರಿ ತಲಪಿತೆಂದು ಹೇಳಿದಂತಾಗುತ್ತದೆ.

ಒಂದು ಎಚ್ಚರಿಕೆ. ಭಾಗಿಸುವ ಸಂಖ್ಯೆ ಸೊನ್ನೆಯಾಗಿರಬಾರದು. 20 ಮೀ./ಸೆ. ವೇಗದಲ್ಲಿ ಮೇಲಕ್ಕೆಸೆದ ಚೆಂಡು ಎಸೆದ ಮಟ್ಟದಲ್ಲಿರುವ ಕ್ಷಣಗಳನ್ನು 20ಯಾ = 5ಯಾ² ತಿಳಿಸುತ್ತದೆ (ಗುರುತ್ವ ವೇಗೋತ್ಕರ್ಷ ಸುಮಾರು 10 ಮೀ./ಸೆ²). ‘ಯಾ’ದಿಂದ ಭಾಗಿಸಿದರೆ 4 ಸೆಕೆಂಡು ಮಾತ್ರ ಸಿಗುತ್ತದೆ; ಎಸೆದ ಕ್ಷಣವೇ, ಅಂದರೆ ಯಾ = 0, ಕಳೆದುಹೋಗುತ್ತದೆ. 5ಯಾ(4 – ಯಾ) = 0 ಎಂದು ಅಪವರ್ತಿಸಿದರೆ ಎರಡೂ ಉಳಿಯುತ್ತವೆ.

ಶಿಕ್ಷಕರಲ್ಲಿ ಒಂದು ಮನವಿ: ಮೊದಲ ಕೆಲವು ವಾರ ‘ಆ ಕಡೆ ಹೋದರೆ’ ಎಂಬ ಮಾತನ್ನೇ ಆಡಬೇಡಿ. ಎರಡೂ ಪಕ್ಷಗಳಿಗೆ ಏನು ಮಾಡಿದೆವೆಂದು ಪ್ರತಿ ಹಂತದಲ್ಲೂ ಬರೆಸಿ. ಉತ್ತರವನ್ನು ಮೂಲ ಸಮೀಕರಣಕ್ಕೆ ಹಾಕಿ ತಾಳೆ ನೋಡುವ ಅಭ್ಯಾಸ ಮಾಡಿಸಿ. 3 × (–5) + 5 = –10 ಎಂದು ಕಂಡ ಮಗು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ.