ಮಗ್ ಮುದ್ರಣ: ಯಂತ್ರ ಕೊಳ್ಳುವ ಮುನ್ನ

ಭಾವಚಿತ್ರವಿರುವ ಮಗ್‌ಗಳ ಮುದ್ರಣವನ್ನು ಸ್ವಉದ್ಯೋಗವಾಗಿಸಿಕೊಳ್ಳುವವರು ಮೊದಲು ಅರಿಯಬೇಕಾದ ಸಂಗತಿಯೆಂದರೆ, ಸಾಮಾನ್ಯ ಪಿಂಗಾಣಿ ಮಗ್ ಮೇಲೆ ಈ ಚಿತ್ರ ನಿಲ್ಲದು. ಸಬ್ಲಿಮೇಶನ್ ಶಾಯಿಯು ಶಾಖಕ್ಕೆ ಅನಿಲವಾಗಿ, ಮಗ್‌ನ ಪಾಲಿಮರ್ ಲೇಪನದೊಳಗೆ ಇಳಿಯುತ್ತದೆ. ಲೇಪನವಿಲ್ಲದಿದ್ದರೆ ಬಣ್ಣಕ್ಕೆ ನೆಲೆಯಿಲ್ಲ. ಹೂಡಿದ ಹಣವೂ ವ್ಯರ್ಥ.

ಹೀಟ್ ಪ್ರೆಸ್ ಕೊಳ್ಳುವಾಗ ತಾಪಮಾನ, ಸಮಯ, ಒತ್ತಡ ಮೂರನ್ನೂ ಹೊಂದಿಸಲು ಸಾಧ್ಯವೇ, ಹೀಟರ್ ಪಟ್ಟಿ ಮಗ್‌ನ್ನು ಸಮನಾಗಿ ಅಪ್ಪುವುದೇ ಎಂದು ಪರೀಕ್ಷಿಸಬೇಕು.

ಚಿತ್ರವನ್ನು ಕನ್ನಡಿಯ ಪ್ರತಿಬಿಂಬದಂತೆ ತಿರುಗಿಸಿ ಮುದ್ರಿಸಿ, ಕಾಗದವನ್ನು ಶಾಖನಿರೋಧಕ ಟೇಪಿನಿಂದ ಬಿಗಿಯಾಗಿ ಅಂಟಿಸಬೇಕು. ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 3ರಿಂದ 4 ನಿಮಿಷ ಸಾಕು. ಒತ್ತಡ ಸಡಿಲವಾದರೆ ಚಿತ್ರ ಮಸುಕಾಗುತ್ತದೆ. ಶಾಖ ಮಿತಿಮೀರಿದರೆ ಬಣ್ಣ ಕಂದುತ್ತದೆ. ಮಗ್‌ಗಳ ಲೇಪನ ಒಂದೇ ತೆರನಾಗಿರುವುದಿಲ್ಲವಾದ್ದರಿಂದ, ಹೊಸ ದಾಸ್ತಾನು ಬಂದಾಗಲೆಲ್ಲ ಒಂದೆರಡು ಮಗ್‌ಗಳಲ್ಲಿ ಪ್ರಯೋಗ ನಡೆಸಿದ ನಂತರವೇ ಗ್ರಾಹಕರ ಕೆಲಸಕ್ಕೆ ಕೈಹಾಕುವುದು ಲೇಸು.