ಅಲಗಿನ ಮೇಲೆ ತೋಳ, ನಳಿಕೆಯ ಮೇಲೆ ಹುಲಿಪಟ್ಟೆ

ಹಳೆಯ ಕತ್ತಿಯೊಂದು ಕೈಗೆ ಬಂದರೆ ಬಲ್ಲವರು ಮೊದಲು ನೋಡುವುದು ಹಿಡಿಯ ಚಿನ್ನವನ್ನಲ್ಲ. ಹಿಡಿಯ ಸಮೀಪ ಅಲಗಿನ ಮೇಲಿರುವ ಪುಟ್ಟ ಮುದ್ರೆಯನ್ನು. ಮೈಸೂರು ಅರಮನೆಯ ಆಯುಧಶಾಲೆಯಲ್ಲಿರುವ ರಣಧೀರ ಕಂಠೀರವ ನರಸರಾಜ ಒಡೆಯರ ‘ನಿಮ್ಚಾ’ ಖಡ್ಗಕ್ಕೆ ಒಡೆಯನ ಹೆಸರೇ ಪರಿಚಯ. ಅಂಥ ಪರಿಚಯವಿಲ್ಲದ ಆಯುಧಗಳಿಗೆ ಮುದ್ರೆಯೇ ಸಾಕ್ಷಿ.

ಈ ಸಾಕ್ಷಿ ಸುಳ್ಳು ಹೇಳುವುದೂ ಉಂಟು. ಜರ್ಮನಿಯ ಜೋಲಿಂಗೆನ್ ಪಟ್ಟಣದ ಅಲಗುಗಳ ಮೇಲೆ ನಾಲ್ಕಾರು ಗೀರುಗಳಲ್ಲಿ ಮೂಡಿಸಿದ ಓಡುವ ತೋಳವಿರುತ್ತದೆ. ಅಸಲಿಗೆ ಅದು ಪಸ್ಸಾವ್ ಊರಿನ ಗುರುತು. ಅದಕ್ಕಿದ್ದ ಬೆಲೆ ಕಂಡು ಜೋಲಿಂಗೆನ್ನಿನವರು ಬಳಸಿಕೊಂಡರು. ಮುಂದೆ ಒಂದೊಂದು ಕಾರ್ಖಾನೆ ತನ್ನದೇ ಗುರುತು ಹಾಕಿತು. ಎರಡನೆಯ ಮಹಾಯುದ್ಧದ ಕಾಲದ ಬಾಕುವಿನ ಮೇಲೆ ಅಳಿಲು ಕಂಡರೆ ಅದು ಐಕ್‌ಹಾರ್ನ್ ಕಂಪೆನಿಯದೆಂದು ಸಂಗ್ರಾಹಕರು ಗುರುತಿಸುತ್ತಾರೆ.

ಯುರೋಪಿನ ಅಲಗುಗಳು 16ನೆಯ ಶತಮಾನದಿಂದ ಹಡಗೇರಿ ಇಲ್ಲಿಗೆ ಬಂದವು. ‘ಫಿರಂಗಿ’ ಎಂದರೆ ನಮಗೆ ತೋಪು. ಆದರೆ ಪರದೇಶದ ಅಲಗಿಗೆ ದೇಶೀ ಹಿಡಿ ಕೂರಿಸಿದ ಕತ್ತಿಗೂ ಅದೇ ಹೆಸರು. ಹೈದರಾಲಿಯ ಸೈನಿಕರ ಬಾಗುಕತ್ತಿಯೊಂದನ್ನು ‘ಅಲೆಮಾನಿ’, ಅಂದರೆ ಜರ್ಮನ್, ಎನ್ನುತ್ತಿದ್ದರು. ವಿದೇಶಿ ಮುದ್ರೆಗೆ ಗಿರಾಕಿ ಹೆಚ್ಚಿದಾಗ ನಮ್ಮ ಕಮ್ಮಾರರೂ ಅದನ್ನು ನಕಲು ಮಾಡಿದರು. ಆದ್ದರಿಂದ ಮುದ್ರೆಯ ಜೊತೆಗೆ ಉಕ್ಕಿನ ಗುಣ, ಅಲಗಿನ ಆಕಾರ, ಸವೆತ ಎಲ್ಲವನ್ನೂ ನೋಡಬೇಕು.

ಟಿಪ್ಪುವಿನ ಆಯುಧಗಳನ್ನು ಓದುವುದು ಇನ್ನೂ ಸ್ವಾರಸ್ಯಕರ. ‘ಬಬ್ರಿ’ ಎಂಬ ಹುಲಿಪಟ್ಟೆ ಬರಿಗಣ್ಣಿಗೇ ಕಾಣುತ್ತದೆ. ಬಂದೂಕಿನ ನಳಿಕೆಯ ಮೇಲೆ ‘ಹೈದರ್’ ಹೆಸರಿನ ಅಕ್ಷರಗಳ ಮುದ್ರೆ, ಜೊತೆಗೆ ಇಸವಿ. ತೊಡಕಿರುವುದು ಇಸವಿಯಲ್ಲೇ. ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು; ಲೆಕ್ಕ ಹಿಜರಿಯದಲ್ಲ, ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕೆಯದು. ಮೌಲೂದಿ 1224 ಎಂದರೆ ಕ್ರಿ.ಶ. 1796ರ ಸುಮಾರು. ಅದನ್ನೇ ಹಿಜರಿ ಎಂದುಕೊಂಡರೆ 1809 ಆಗುತ್ತದೆ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರ ಮೇ 4ರಂದು! ಒಳ್ಳೆಯ ಬಂದೂಕೊಂದು ಹೀಗೆ ನಕಲಿ ಎನಿಸಿಬಿಡಬಹುದು.

2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗ 1.4 ಕೋಟಿ ಪೌಂಡಿಗೆ ಹರಾಜಾಯಿತು. ಅದರ ಮೇಲೆ ‘ರಾಜನ ಖಡ್ಗ’ ಎಂಬರ್ಥದ ಬರಹವಿದೆ. ಅಲಗು ಜರ್ಮನ್ ಮಾದರಿಯದಾದರೂ ಮಾಡಿದವರು ಮೊಘಲ್ ಕಮ್ಮಾರರು ಎಂದು ಹರಾಜು ಸಂಸ್ಥೆ ವಿವರಿಸಿತ್ತು.

ಇಷ್ಟೆಲ್ಲ ತಿಳಿಸುವ ಮುದ್ರೆಯ ಆಳ ಹಲವು ಸಲ ಕೂದಲೆಳೆಯಷ್ಟೂ ಇರುವುದಿಲ್ಲ. ಮನೆಯಲ್ಲಿ ಅಜ್ಜನ ಕಾಲದ ಕತ್ತಿಯಿದ್ದು, ಆಯುಧಪೂಜೆಗೆ ಫಳಫಳ ಹೊಳೆಯಲೆಂದು ಮರಳು ಕಾಗದದಿಂದ ತಿಕ್ಕಿದರೆ ಅದು ತುಕ್ಕಿನ ಜೊತೆಗೇ ಅಳಿಸಿಹೋಗುತ್ತದೆ. ಮೆತ್ತನೆಯ ಬಟ್ಟೆಗೆ ತುಸು ಎಣ್ಣೆ ಹಾಕಿ ಒರೆಸಿದರೆ ಸಾಕು.